ಕೆಂಪು ಬಿಂದುವಿನ ಚರಿತ್ರೆ

ಬಂದೂಕಿನ ಮಾತು ಬಂದಾಗ ನಾವು ಮದ್ದು, ಗುಂಡು, ನಳಿಗೆಗಳನ್ನು ನೆನೆಯುತ್ತೇವೆಯೇ ಹೊರತು ಗುರಿ ಹಿಡಿಯುವ ಕಣ್ಣನ್ನು ನೆನೆಯುವುದು ವಿರಳ. ಆದರೆ ಬಂದೂಕುಗಾರನನ್ನು ಬಹುಕಾಲ ಕಾಡಿದ ತೊಡಕು ಕಣ್ಣಿನದೇ. ಹಿಂಬದಿಯ ಸೀಳು, ನಳಿಗೆಯ ತುದಿಯ ಮೊಳೆ, ದೂರದ ಗುರಿ, ಈ ಮೂರನ್ನೂ ಒಂದೇ ರೇಖೆಗೆ ತರಬೇಕು. ಮನುಷ್ಯನ ಕಣ್ಣಾದರೋ ಒಂದು ಸಲಕ್ಕೆ ಒಂದೇ ದೂರವನ್ನು ಸ್ಫುಟವಾಗಿ ಕಾಣಬಲ್ಲದು. ಮೊಳೆ ತಿಳಿಯಾದರೆ ಗುರಿ ಮಸುಕು. ಗುರಿ ತಿಳಿಯಾದರೆ ಮೊಳೆ ಮಸುಕು.

ಇದಕ್ಕೆ ಪರಿಹಾರವನ್ನು ಸೂಚಿಸಿದವನು ಡಬ್ಲಿನ್ ನಗರದ ಸರ್ ಹೋವರ್ಡ್ ಗ್ರಬ್. ವೃತ್ತಿಯಿಂದ ದೂರದರ್ಶಕಗಳ ನಿರ್ಮಾಪಕ. ಆತನ ಹೆಸರು ನಮಗೆ ತೀರ ಅಪರಿಚಿತವೇನೂ ಅಲ್ಲ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವು ಗ್ರಬ್ ಕಾರ್ಖಾನೆಯದೇ. ಅದು ಬಂದ ಕಾಲಕ್ಕೆ ಬೀದರ, ಕಲಬುರಗಿ, ರಾಯಚೂರುಗಳೂ ನಿಜಾಮರ ಸೀಮೆಗೇ ಸೇರಿದ್ದವು. ನಕ್ಷತ್ರಗಳಿಂದ ಬರುವ ಕಿರಣಗಳು ಸಮಾನಾಂತರವಾಗಿರುತ್ತವೆ ಎಂಬುದು ಗ್ರಬ್‌ನ ನಿತ್ಯದ ಅನುಭವ. ಒಂದು ಗುರುತನ್ನು ಮಸೂರದ ನಾಭಿಯಲ್ಲಿಟ್ಟು ಬೆಳಗಿಸಿದರೆ ಅದರ ಕಿರಣಗಳೂ ಸಮಾನಾಂತರವಾಗಿ ಹೊರಡುತ್ತವೆ. ಅವನ್ನು ಓರೆಯಾದ ಗಾಜಿನಿಂದ ಕಣ್ಣಿಗೆ ಪ್ರತಿಫಲಿಸಿದರೆ ಗುರುತು ದೂರದ ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. ತಲೆ ಕೊಂಚ ಕದಲಿದರೂ ಗುರುತು ಗುರಿಯನ್ನು ಬಿಡದು. 1900ರಲ್ಲಿ ಆತನು ಇದಕ್ಕೆ ಹಕ್ಕುಪತ್ರ ಪಡೆದನು. ಮರುವರ್ಷ ರಾಯಲ್ ಡಬ್ಲಿನ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವರಿಸಿದನು.

ಕಲ್ಪನೆ ಪೂರ್ಣವಾಗಿತ್ತು, ಕೊರತೆಯಿದ್ದುದು ದೀಪದ್ದು. ಬಿಸಿಲನ್ನು ನಂಬಿದರೆ ನೆರಳಿನಲ್ಲಿ ಗುರುತು ಮಾಯವಾಗುವುದು. ವಿದ್ಯುದ್ದೀಪವನ್ನು ನಂಬಿದರೆ ಬ್ಯಾಟರಿಯ ಭಾರವನ್ನು ಹೊರಬೇಕು. ಭಾರ ಹೊರಬಲ್ಲ ವಿಮಾನವೇ ಮೊದಲು ಇದನ್ನು ಸ್ವೀಕರಿಸಿತು. 1918ರಲ್ಲಿ ಜರ್ಮನರು ತಮ್ಮ ಯುದ್ಧವಿಮಾನಗಳಲ್ಲಿ ಬರ್ಲಿನ್ನಿನ ಓಯ್ಗೀ ಸಂಸ್ಥೆಯ ಉಪಕರಣವನ್ನು ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮೊದಲಾದ ವಿಮಾನಗಳಿಗೆ ಇದು ಸಾಮಾನ್ಯ ಸಾಧನವಾಯಿತು. ಹೆಗಲಿನ ಬಂದೂಕು ಮಾತ್ರ ಕಾಯಬೇಕಾಯಿತು. 1962ರಲ್ಲಿ ಅಮೆರಿಕದ ನಿಕ್ ಹೊಲೋನ್ಯಾಕ್ ಕೆಂಪು ಬೆಳಕು ಬೀರುವ ಡಯೋಡನ್ನು ನಿರ್ಮಿಸಿದ ಮೇಲೆ, ಸಾಸಿವೆಯಷ್ಟು ಸಣ್ಣ ದೀಪ, ಗುಂಡಿಯಷ್ಟು ಸಣ್ಣ ಬ್ಯಾಟರಿ ಸಾಕಾದವು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯು ಬಂದೂಕಿಗೆ ಹೊಂದುವ ವಿದ್ಯುನ್ಮಾನ ಕೆಂಪು ಬಿಂದುವನ್ನು ಮಾರುಕಟ್ಟೆಗೆ ತಂದಿತು. ಕಲ್ಪನೆಗೂ ಅದರ ಸಿದ್ಧಿಗೂ ನಡುವೆ 75 ವರ್ಷ ಸಂದಿದ್ದವು.

ಇಷ್ಟಾದರೂ ಇನ್ನೊಂದು ಪ್ರಶ್ನೆ ಉಳಿಯಿತು. ಬಿಂದು ತೋರುವುದು ಗಾಜಿನ ದಿಕ್ಕನ್ನು. ಗುಂಡು ಹೋಗುವುದು ನಳಿಗೆಯ ದಿಕ್ಕಿನಲ್ಲಿ. ಇವೆರಡನ್ನೂ ಒಂದಾಗಿಸುವುದು ನಾಲ್ಕಾರು ತಿರುಪುಗಳು ಮಾತ್ರ. ತಿರುಪು ಸಡಿಲಿದರೆ ಬಿಂದು ಅಷ್ಟೇ ಉಜ್ವಲವಾಗಿ, ಅಷ್ಟೇ ನಿಶ್ಚಲವಾಗಿ ಸುಳ್ಳು ಹೇಳುತ್ತದೆ. ಹಳೆಯ ವೀವರ್ ಮಾದರಿಯ ಹಳಿಯಲ್ಲಿ ಗಾಡಿಗಳ ನಡುವಣ ಅಂತರಕ್ಕೆ ನಿಯಮವಿರಲಿಲ್ಲ. 1995ರಲ್ಲಿ ಅಮೆರಿಕದ ಸೇನೆಯು ಪಿಕಟಿನಿ ಶಸ್ತ್ರಾಗಾರದ ಹೆಸರಿನ ಹಳಿಯನ್ನು ಪ್ರಮಾಣೀಕರಿಸಿತು: ಗಾಡಿಯ ಅಗಲ 5.23 ಮಿಲಿಮೀಟರು, ಗಾಡಿಯಿಂದ ಗಾಡಿಗೆ ಸುಮಾರು 10 ಮಿಲಿಮೀಟರು. ಎರಡು ವರ್ಷಗಳ ತರುವಾಯ, 1997ರಲ್ಲಿ, ಅದೇ ಸೇನೆ ಕೆಂಪು ಬಿಂದುವನ್ನು ಸಾಮಾನ್ಯ ಸೈನಿಕನ ರೈಫಲ್ಲಿಗೂ ಆರಿಸಿತು.

ಆಯ್ಕೆಯ ನಿಯಮಗಳೂ ಈ ಚರಿತ್ರೆಯಿಂದಲೇ ಹೊರಡುತ್ತವೆ. ಬಿಂದುವಿನ ಗಾತ್ರವನ್ನು ಕೋನದ ಕಲೆಗಳಲ್ಲಿ, ಎಂದರೆ ಅಂಶದ ಅರವತ್ತನೆಯ ಭಾಗಗಳಲ್ಲಿ, ಅಳೆಯುವರು. ಎರಡು ಕಲೆಯ ಬಿಂದು 100 ಮೀಟರಿನಲ್ಲಿ ಸುಮಾರು 6 ಸೆಂಟಿಮೀಟರನ್ನು ಮುಚ್ಚುತ್ತದೆ. ಆರು ಕಲೆಯದು 17 ಸೆಂಟಿಮೀಟರನ್ನು. ದೊಡ್ಡದು ಬೇಗ ಕಣ್ಣಿಗೆ ಬೀಳುತ್ತದೆ, ಚಿಕ್ಕದು ದೂರಕ್ಕೆ ಒದಗುತ್ತದೆ. ಅಸಮದೃಷ್ಟಿಯುಳ್ಳವರಿಗೆ ಬಿಂದು ಸಿಡಿದ ನಕ್ಷತ್ರದಂತೆ ಕಾಣುವುದರಿಂದ, ಕೊಳ್ಳುವ ಮುನ್ನ ತಮ್ಮ ಕಣ್ಣಿನಿಂದಲೇ ನೋಡುವುದು ಲೇಸು.

ಕೂರಿಸುವಲ್ಲಿಯೂ ಕ್ರಮವುಂಟು. ಪೀಠವು ಬಂದೂಕಿನ ಗಟ್ಟಿ ಒಡಲಿನ ಮೇಲಿರಬೇಕು. ಕೈಹಿಡಿಯುವ ಮುಂಗವಚದ ಮೇಲೆ ಇರಿಸಿದರೆ ಅದರೊಡನೆ ಅಲುಗೀತು. ಅಡ್ಡಮೊಳೆಯನ್ನು ಗಾಡಿಯ ಮುಂದಿನ ಅಂಚಿಗೆ ಒತ್ತಿಟ್ಟು ಬಿಗಿಯಬೇಕು. ಹಾಗಾದರೆ ಒದೆತಕ್ಕೆ ಅದು ಸರಿಯದು. ತಿರುಪನ್ನು ತಯಾರಕರು ಹೇಳಿದ ಅಳತೆಗೆ ಬಿಗಿದು, ಅದರ ತಲೆಯ ಮೇಲೆ ಬಣ್ಣದ ಗೆರೆಯೊಂದನ್ನು ಎಳೆದರೆ, ಗೆರೆ ಮುರಿದ ದಿನ ಸಡಿಲಿಕೆ ಗೋಚರವಾಗುವುದು. ಬಳಿಕ ಗುಂಡು ಹಾರಿಸಿ, ಬಿಂದುವನ್ನು ಗುಂಡು ಬಿದ್ದೆಡೆಗೆ ತರಬೇಕು. ಬಿಂದು ನಳಿಗೆಗಿಂತ ಎತ್ತರದಲ್ಲಿರುವುದರಿಂದ ಹತ್ತಾರು ಹೆಜ್ಜೆಯ ಹತ್ತಿರದ ಗುರಿಗೆ ಗುಂಡು ಕೆಳಗೆ ತಾಗುವುದನ್ನೂ ಮರೆಯಲಾಗದು. ಉಪಕರಣವನ್ನು ಕಳಚಿ ಮತ್ತೆ ಕೂರಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಕ್ಷೇಮ.

ಸೀಳು ಮತ್ತು ಮೊಳೆಗಳ ಕಾಲದಲ್ಲಿ ಗುರಿ ತಪ್ಪುವವನಿಗೆ ತನ್ನ ಸಂಶಯವೇ ಎಚ್ಚರಿಕೆಯಾಗಿತ್ತು. ಬೆಳಗುವ ಬಿಂದು ಆ ಸಂಶಯವನ್ನು ಅಳಿಸುತ್ತದೆ. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ಎಂಬುದನ್ನು ಅದು ತಿಳಿಸದು. ಗ್ರಬ್‌ನು ಕಣ್ಣಿಗೆ ಬಿಡುವು ಕೊಟ್ಟನೇ ಹೊರತು ವಿವೇಕಕ್ಕೆ ಅಲ್ಲವೆಂಬುದನ್ನು ಬಂದೂಕು ಹಿಡಿದವರು ನೆನಪಿನಲ್ಲಿಡಬೇಕೆಂದು ನಾವು ಭಾವಿಸುತ್ತೇವೆ.