ಕ್ಯಾನಬಿನಾಯ್ಡ್‌ಗಳು

ಗಾಂಜಾ ಗಿಡದ ಅಂಟಿನಲ್ಲಿರುವ, ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಸಂಯುಕ್ತಗಳ ಗುಂಪು. ಈವರೆಗೆ ನೂರಕ್ಕೂ ಹೆಚ್ಚು ಸಂಯುಕ್ತಗಳನ್ನು ಗುರುತಿಸಲಾಗಿದೆ. ಅಮಲು ತರುವ ಟೆಟ್ರಾಹೈಡ್ರೊಕ್ಯಾನಬಿನಾಲ್ (ಟಿಎಚ್‌ಸಿ) ಮತ್ತು ಅಮಲು ತರದ ಕ್ಯಾನಬಿಡಯಾಲ್ (ಸಿಬಿಡಿ) ಇವುಗಳಲ್ಲಿ ಮುಖ್ಯವಾದವು. ದೇಹವು ತಾನೇ ತಯಾರಿಸಿಕೊಳ್ಳುವ ಇಂಥದೇ ಗುಣದ ವಸ್ತುಗಳನ್ನೂ ಪ್ರಯೋಗಾಲಯದಲ್ಲಿ ರೂಪಿಸಿದ ಅಣುಗಳನ್ನೂ ಈಗ ಇದೇ ಹೆಸರಿನಡಿ ಸೇರಿಸುವ ರೂಢಿಯಿದೆ.

ಗಿಡದಲ್ಲಿ

ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣು ಗಿಡದ ಹೂಗೊಂಚಲನ್ನೂ ಅದರ ಸುತ್ತಲಿನ ಎಳೆಯ ಎಲೆಗಳನ್ನೂ ಬರಿಗಣ್ಣಿಗೆ ಹಿಮದ ಹುಡಿಯಂತೆ ಕಾಣುವ ಗ್ರಂಥಿರೋಮಗಳು ಮುಚ್ಚಿರುತ್ತವೆ. ಅಂಟು ತುಂಬಿಕೊಳ್ಳುವುದು ಇವುಗಳ ತುದಿಯಲ್ಲಿ. ಆ ಅಂಟನ್ನು ಉಜ್ಜಿ ತೆಗೆದರೆ ಚರಸ್, ಹೂಗೊಂಚಲನ್ನೇ ಒಣಗಿಸಿದರೆ ಗಾಂಜಾ, ಗ್ರಂಥಿಗಳು ವಿರಳವಾಗಿರುವ ಎಲೆ ಭಂಗಿ. ಬೀಜದೊಳಗೆ ಈ ಗ್ರಂಥಿಗಳಿಲ್ಲ.

ಗಿಡವು ಮೊದಲು ಕ್ಯಾನಬಿಜೆರಾಲಿಕ್ ಆಮ್ಲವನ್ನು ತಯಾರಿಸುತ್ತದೆ. ಒಂದು ಕಿಣ್ವ ಇದನ್ನು ಟಿಎಚ್‌ಸಿಯ ಆಮ್ಲರೂಪಕ್ಕೆ ಬದಲಿಸಿದರೆ ಇನ್ನೊಂದು ಕಿಣ್ವ ಸಿಬಿಡಿಯ ಆಮ್ಲರೂಪಕ್ಕೆ ಬದಲಿಸುತ್ತದೆ. ಯಾವ ಕಿಣ್ವದ ಕೈ ಮೇಲಾಗುತ್ತದೆ ಎಂಬುದನ್ನು ತಳಿಯ ಆನುವಂಶಿಕತೆ ನಿರ್ಧರಿಸುತ್ತದೆ. ನಾರಿಗಾಗಿ ಬೆಳೆಯುವ ತಳಿಗಳಲ್ಲಿ ಸಿಬಿಡಿಯ ಪಾಲು ಹೆಚ್ಚು, ಅಮಲಿನ ತಳಿಗಳಲ್ಲಿ ಟಿಎಚ್‌ಸಿಯ ಪಾಲು ಹೆಚ್ಚು.

ಹಸಿ ಎಲೆಯಲ್ಲಿ ಟಿಎಚ್‌ಸಿ ಬಹುಪಾಲು ಆಮ್ಲರೂಪದಲ್ಲೇ ಇದ್ದು, ಆ ರೂಪದಲ್ಲಿ ಅಮಲು ತರುವುದಿಲ್ಲ. ಬಿಸಿ ತಾಗಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಚಿಲುಮೆಯ ಕೆಂಡ ಈ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಭಂಗಿಯನ್ನು ಹಾಲಿನಲ್ಲಿ ಕುದಿಸುವ, ತುಪ್ಪದಲ್ಲಿ ಹುರಿಯುವ ಹಳೆಯ ಕ್ರಮಗಳಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಬಿಸಿಯಿಂದ ಆಮ್ಲರೂಪ ಒಡೆಯುತ್ತದೆ, ಬಂದ ಟಿಎಚ್‌ಸಿ ಕೊಬ್ಬಿಗೆ ಇಳಿಯುತ್ತದೆ. ನೀರಿನ ಕಷಾಯದಿಂದ ಇದು ಸಾಧ್ಯವಾಗುತ್ತಿರಲಿಲ್ಲ. ಬಹುಕಾಲ ಗಾಳಿ ಬೆಳಕಿಗೆ ಒಡ್ಡಿಕೊಂಡ ಸರಕಿನಲ್ಲಿ ಟಿಎಚ್‌ಸಿ ಉತ್ಕರ್ಷಣಗೊಂಡು ಅಮಲು ತೀರ ಕಡಿಮೆಯಿರುವ ಕ್ಯಾನಬಿನಾಲ್ ಆಗುತ್ತದೆ. ಮುಂದೆ ಹೇಳಲಿರುವ ಇತಿಹಾಸದ ತಿರುವೊಂದಕ್ಕೆ ಈ ಸಂಗತಿಯೇ ಕಾರಣ.

ಶೋಧದ ಇತಿಹಾಸ

ಅಫೀಮಿನಿಂದ ಮಾರ್ಫೀನ್ 19ನೆಯ ಶತಮಾನದ ಆರಂಭದಲ್ಲೇ ಬೇರ್ಪಟ್ಟಿತ್ತು. ಕೋಕಾ ಎಲೆಯ ಕೊಕೇನ್ 1860ರಲ್ಲಿ ಶುದ್ಧರೂಪದಲ್ಲಿ ದೊರೆಯಿತು. ಗಾಂಜಾದ ಸಾರ ಕೈಗೆ ಸಿಕ್ಕಿದ್ದು 1964ರಲ್ಲಿ. ನೂರು ವರ್ಷಗಳ ಈ ವಿಳಂಬಕ್ಕೆ ಸಾಮಾಜಿಕ ನಿಷೇಧವನ್ನು ಕಾರಣವಾಗಿ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ನಿಷೇಧ ಬಿಗಿಯಾಗುವ ಮೊದಲೇ ಹಲವು ಸಮರ್ಥ ರಸಾಯನತಜ್ಞರು ಪ್ರಯತ್ನಿಸಿ ಸೋತಿದ್ದರು. ಮಾರ್ಫೀನ್, ಕೊಕೇನ್ ಎರಡೂ ಸಾರಜನಕವುಳ್ಳ ಆಲ್ಕಲಾಯ್ಡ್‌ಗಳು. ಆಮ್ಲ ಸೇರಿಸಿದರೆ ಲವಣವಾಗುತ್ತವೆ, ಲವಣ ಹರಳುಗಟ್ಟುತ್ತದೆ, ಹರಳನ್ನು ಸೋಸಿ ತೆಗೆಯಬಹುದು. ಟಿಎಚ್‌ಸಿಯಲ್ಲಿ ಸಾರಜನಕವಿಲ್ಲ. ಅದೊಂದು ಅಂಟುಅಂಟಾದ ಎಣ್ಣೆ, ತನ್ನಂಥವೇ ಹತ್ತಾರು ಎಣ್ಣೆಗಳ ನಡುವೆ ಬೆರೆತಿರುತ್ತದೆ. ಅಂದಿನ ವಿಧಾನಗಳಿಗೆ ಅದು ಸಿಗುವಂತಿರಲಿಲ್ಲ.

ಪಾಶ್ಚಾತ್ಯ ವೈದ್ಯಕ್ಕೆ ಗಾಂಜಾವನ್ನು ವ್ಯವಸ್ಥಿತವಾಗಿ ಪರಿಚಯಿಸಿದವನು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾನೆಸಿ. ದೇಶೀ ವೈದ್ಯರ, ಹಕೀಮರ ಬಳಕೆಯನ್ನು ವಿಚಾರಿಸಿ, ಮೊದಲು ಪ್ರಾಣಿಗಳ ಮೇಲೂ ಬಳಿಕ ರೋಗಿಗಳ ಮೇಲೂ ಪ್ರಯೋಗಿಸಿ, 1839ರ ವೇಳೆಗೆ ಅವನು ತನ್ನ ವರದಿಯನ್ನು ಮಂಡಿಸಿದ. ಧನುರ್ವಾಯುವಿನ ಸೆಳೆತ, ಸಂಧಿವಾತ, ಶಿಶುಗಳ ಸೆಳವು ಇವುಗಳಿಗೆ ಅವನು ಗಾಂಜಾದ ಅಂಟನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಕೊಟ್ಟ. ಶಿಶುಗಳ ಸೆಳವಿನ ಕುರಿತ ಅವನ ಟಿಪ್ಪಣಿಗೆ ಈಗ ಹೊಸ ಬೆಲೆ ಬಂದಿದೆ. ಆದರೆ ಒಬ್ಬೊಬ್ಬರ ಟಿಂಕ್ಚರಿನ ಕಸುವು ಒಂದೊಂದು ರೀತಿ. ಒಂದು ಸೀಸೆ ನಿಷ್ಫಲವಾದರೆ ಇನ್ನೊಂದು ರೋಗಿಯನ್ನು ದಿಗ್ಭ್ರಮೆಗೊಳಿಸುತ್ತಿತ್ತು. ಅಳೆಯಬೇಕಾದ ವಸ್ತು ಯಾವುದೆಂದೇ ಗೊತ್ತಿಲ್ಲದೆ ಪ್ರಮಾಣ ನಿಗದಿ ಮಾಡುವಂತಿರಲಿಲ್ಲ. ಗಾಂಜಾ ಔಷಧಕೋಶಗಳಿಂದ ಮರೆಯಾಗಲು ಕಾನೂನಿನಷ್ಟೇ ಈ ಅನಿಶ್ಚಿತತೆಯೂ ಕಾರಣ ಎನ್ನಬಹುದು. ಅಮೆರಿಕದ ಅಧಿಕೃತ ಔಷಧಕೋಶ ಅದನ್ನು 1942ರಲ್ಲಿ ಕೈಬಿಟ್ಟಿತು.

1890ರ ದಶಕದಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ಮೂವರು ಭಾರತದ ಚರಸ್ಸನ್ನು ಕಡಿಮೆ ಒತ್ತಡದಲ್ಲಿ ಬಟ್ಟಿಯಿಳಿಸಿ ಕೆಂಪೆಣ್ಣೆಯೊಂದನ್ನು ಪಡೆದರು. ಅದನ್ನು ಅಸಿಟೇಟ್ ರೂಪಕ್ಕೆ ತಿರುಗಿಸಿ ಹರಳುಗಟ್ಟಿಸಿ ಶುದ್ಧೀಕರಿಸಿದಾಗ ಬಂದ ವಸ್ತುವಿಗೆ ಕ್ಯಾನಬಿನಾಲ್ ಎಂದು ಹೆಸರಿಟ್ಟರು. ಅಮಲಿನ ಮೂಲ ಸಿಕ್ಕಿತೆಂದು ತಿಳಿಯಲಾಯಿತು. ವಾಸ್ತವದಲ್ಲಿ ಅವರಿಗೆ ಸಿಕ್ಕಿದ್ದು ಹಳಸಿದ ಟಿಎಚ್‌ಸಿಯ ಅವಶೇಷ. ಹರಳುಗಟ್ಟಬಲ್ಲದ್ದು ಮಾತ್ರ ಹಿಡಿತಕ್ಕೆ ಬಂತು. ಅಮಲಿನ ಅಂಶ ಹರಳುಗಟ್ಟದೆ ಉಳಿದ ಎಣ್ಣೆಯಲ್ಲೇ ಹೋಯಿತು. ಕ್ಯಾನಬಿನಾಲ್‌ನ ರಚನೆ ಸ್ಪಷ್ಟವಾಗಲು 1940ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಮತ್ತು ಇಂಗ್ಲೆಂಡಿನ ಅಲೆಕ್ಸಾಂಡರ್ ಟಾಡ್ ಪ್ರತ್ಯೇಕವಾಗಿ ಅದನ್ನು ಸಂಶ್ಲೇಷಿಸಿದರು. ಟಾಡ್‌ಗೆ ಮುಂದೆ ಬೇರೆ ಸಂಶೋಧನೆಗಾಗಿ 1957ರ ನೊಬೆಲ್ ಪ್ರಶಸ್ತಿ ಬಂತು. ಆಡಮ್ಸ್ ಸಿಬಿಡಿಯನ್ನೂ ಬೇರ್ಪಡಿಸಿದ. ಟಿಎಚ್‌ಸಿಯ ಹತ್ತಿರದ ಬಂಧು ಅಣುಗಳನ್ನು ಇಬ್ಬರೂ ಕೃತಕವಾಗಿ ತಯಾರಿಸಿ ಅವು ಅಮಲು ತರುತ್ತವೆಂದು ಕಂಡರು. ಗಿಡದಲ್ಲಿರುವ ಅಣು ನಿಖರವಾಗಿ ಯಾವುದೆಂಬುದು ಮಾತ್ರ ತಿಳಿಯಲಿಲ್ಲ.

ಅದನ್ನು ತಿಳಿಸಿದವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿದ್ದ ರಫಾಯಲ್ ಮೆಕೂಲಮ್ ಮತ್ತು ಯೆಹಿಯಲ್ ಗಾವೊನಿ. ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಹಶೀಶಿನಲ್ಲಿ ಐದು ಕಿಲೊವನ್ನು ಪಡೆದ ಮೆಕೂಲಮ್, ಅದನ್ನು ಸಾರ್ವಜನಿಕ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಸಾಗಿಸಿದ ಕಥೆಯನ್ನು ಸ್ವತಃ ಹಲವು ಬಾರಿ ಹೇಳಿಕೊಂಡಿದ್ದಾರೆ. ಆ ವೇಳೆಗೆ ಸಾಧನಗಳು ಬದಲಾಗಿದ್ದವು. ವರ್ಣರೇಖನ ಸ್ತಂಭದ ಮೂಲಕ ಎಣ್ಣೆಗಳನ್ನು ಒಂದೊಂದಾಗಿ ಬಿಡಿಸಬಹುದಿತ್ತು. ಕಾಂತೀಯ ಅನುರಣನದಿಂದ ಕೆಲವೇ ಮಿಲಿಗ್ರಾಂಗಳಲ್ಲಿ ಅಣುವಿನ ರಚನೆಯನ್ನು ಓದಬಹುದಿತ್ತು. 1963ರಲ್ಲಿ ಸಿಬಿಡಿಯ ರಚನೆ, 1964ರಲ್ಲಿ ಟಿಎಚ್‌ಸಿಯ ರಚನೆ ಪ್ರಕಟವಾದವು. ಎರಡರಲ್ಲೂ 21 ಇಂಗಾಲ, 30 ಜಲಜನಕ, 2 ಆಮ್ಲಜನಕದ ಪರಮಾಣುಗಳೇ ಇವೆ. ಸಿಬಿಡಿಯಲ್ಲಿ ತೆರೆದಿರುವ ಉಂಗುರವೊಂದು ಟಿಎಚ್‌ಸಿಯಲ್ಲಿ ಮುಚ್ಚಿಕೊಂಡಿದೆ, ಅಷ್ಟೇ. ಕೋತಿಗಳ ಮೇಲೆ ಪರೀಕ್ಷಿಸಿದಾಗ ಮಂಕು ಕವಿಸಿದ್ದು ಟಿಎಚ್‌ಸಿ ಮಾತ್ರ.

ದೇಹದಲ್ಲಿನ ಗ್ರಾಹಿಗಳು

ಎಣ್ಣೆಯಂಥ ವಸ್ತು ನರಕೋಶಗಳ ಕೊಬ್ಬಿನ ಪೊರೆಯಲ್ಲಿ ಸೇರಿಕೊಂಡು ಅದನ್ನು ಅಸ್ತವ್ಯಸ್ತಗೊಳಿಸುತ್ತದೆ, ಅಮಲಿಗೆ ಅದೇ ಕಾರಣ ಎಂಬ ಊಹೆ ಬಹುಕಾಲ ಚಾಲ್ತಿಯಲ್ಲಿತ್ತು. 1988ರಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಮಿದುಳಿನಲ್ಲಿ ನಿರ್ದಿಷ್ಟ ಗ್ರಾಹಿ ಇದೆಯೆಂದು ತೋರಿಸಿದ ಮೇಲೆ ಆ ಊಹೆ ಬಿದ್ದುಹೋಯಿತು. ಈ ಗ್ರಾಹಿಯ ಜೀನು 1990ರಲ್ಲಿ ಸಿಕ್ಕಿತು, ಅದೇ ಸಿಬಿ1. ಮುಖ್ಯವಾಗಿ ರೋಗನಿರೋಧಕ ಕೋಶಗಳಲ್ಲಿರುವ ಸಿಬಿ2 ತಿಳಿದದ್ದು 1993ರಲ್ಲಿ. ಗ್ರಾಹಿ ಇದ್ದಮೇಲೆ ಅದಕ್ಕೆ ಕೂರುವ ವಸ್ತು ದೇಹದಲ್ಲೇ ಇರಬೇಕೆಂದು ಹುಡುಕಿದಾಗ 1992ರಲ್ಲಿ ಹಂದಿಯ ಮಿದುಳಿನಿಂದ ಆನಂದಮೈಡ್, 1995ರಲ್ಲಿ 2-ಎಜಿ ಎಂಬ ಇನ್ನೊಂದು ಕೊಬ್ಬಿನ ಅಣು ದೊರೆತವು.

ಇವುಗಳ ಕೆಲಸದ ದಿಕ್ಕು ವಿಚಿತ್ರವಾದದ್ದು. ಸಾಮಾನ್ಯವಾಗಿ ಸಂಕೇತವು ಕಳುಹಿಸುವ ನರಕೋಶದಿಂದ ಪಡೆಯುವ ನರಕೋಶದತ್ತ ಸಾಗುತ್ತದೆ. ಇಲ್ಲಿ ಪಡೆಯುವ ಕೋಶವೇ, ತಾನು ಅತಿಯಾಗಿ ಉದ್ರೇಕಗೊಂಡಾಗ, 2-ಎಜಿಯನ್ನು ಸ್ಥಳದಲ್ಲೇ ತಯಾರಿಸಿ ಹಿಮ್ಮುಖವಾಗಿ ಬಿಡುತ್ತದೆ. ಅದು ಕಳುಹಿಸುವ ಕೋಶದ ಸಿಬಿ1ರ ಮೇಲೆ ಕೂತು ಕ್ಯಾಲ್ಸಿಯಂ ಒಳಬರುವುದನ್ನು ತಡೆಯುತ್ತದೆ. ಸಂಕೇತದ ರವಾನೆ ತಗ್ಗುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು 2-ಎಜಿಯನ್ನು ಒಡೆಯುತ್ತವೆ. 2001ರಲ್ಲಿ ಬೇರೆ ಬೇರೆ ತಂಡಗಳು ಈ ಹಿಮ್ಮುಖ ನಿಯಂತ್ರಣವನ್ನು ದೃಢಪಡಿಸಿದವು. ದೇಹದ ಅಣು ಬೇಕಾದ ಜಾಗದಲ್ಲಿ ಕ್ಷಣಕಾಲ ಮಾತ್ರ ಇರುತ್ತದೆ. ಹೊರಗಿನಿಂದ ಬಂದ ಟಿಎಚ್‌ಸಿ ಸಿಬಿ1 ಇರುವ ಎಲ್ಲ ಕಡೆಯೂ ಏಕಕಾಲಕ್ಕೆ, ಗಂಟೆಗಟ್ಟಲೆ ಕೂರುತ್ತದೆ. ಹಿಪೊಕ್ಯಾಂಪಸ್ಸಿನಲ್ಲಿ ಕೂತಾಗ ಈಗ ತಾನೇ ಹೇಳಿದ್ದು ಮರೆಯುತ್ತದೆ, ಕಿರುಮಿದುಳಿನಲ್ಲಿ ಕೂತಾಗ ಚಲನೆಯ ಹದ ತಪ್ಪುತ್ತದೆ, ಹೈಪೊಥಲಾಮಸ್ಸಿನಲ್ಲಿ ಕೂತಾಗ ಹಸಿವು ಕೆರಳುತ್ತದೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡದ ಕೇಂದ್ರಗಳಲ್ಲಿ ಸಿಬಿ1 ವಿರಳ. ಅಫೀಮಿನ ವರ್ಗದ ವಸ್ತುಗಳಂತೆ ಟಿಎಚ್‌ಸಿ ಉಸಿರು ನಿಲ್ಲಿಸಿ ಕೊಲ್ಲದಿರಲು ಇದು ಕಾರಣವೆಂದು ಸಾಮಾನ್ಯ ಅಭಿಪ್ರಾಯ.

ಸಿಬಿಡಿ ಈ ಗ್ರಾಹಿಗಳ ಮೇಲೆ ಟಿಎಚ್‌ಸಿಯಂತೆ ಕೂರುವುದಿಲ್ಲ. ಅದು ಹಲವು ಬೇರೆ ಗುರಿಗಳನ್ನು ಮುಟ್ಟುತ್ತದೆ. ಯಾವುದು ಮುಖ್ಯವೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹೀರಿಕೆ ಮತ್ತು ಉಳಿಕೆ

ಸೇದಿದಾಗ ಟಿಎಚ್‌ಸಿ ನಿಮಿಷಗಳಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ತಿಂದಾಗ ಒಂದರಿಂದ ಎರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ರಕ್ತಕ್ಕೆ ಸೇರುವ ಪಾಲೂ ಕಡಿಮೆ. ಆದರೆ ಕರುಳಿನಿಂದ ಅದು ಮೊದಲು ಯಕೃತ್ತಿಗೆ ಹೋಗುವುದರಿಂದ 11-ಹೈಡ್ರಾಕ್ಸಿ ಟಿಎಚ್‌ಸಿ ಎಂಬ, ತಾನೂ ಅಮಲು ತರುವ ರೂಪ ಹೆಚ್ಚಾಗಿ ಉಂಟಾಗುತ್ತದೆ. ಭಂಗಿ ಕುಡಿದವರು ಏನೂ ಆಗಲಿಲ್ಲವೆಂದು ಮತ್ತೊಂದು ಲೋಟ ಕುಡಿದು ಸಂಜೆ ಆಸ್ಪತ್ರೆ ಸೇರುವುದಕ್ಕೆ ಈ ತಡವೇ ಕಾರಣ. ಬಳಿಕ ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಅಡಗಿ ನಿಧಾನವಾಗಿ ಹೊರಬರುತ್ತದೆ. ಅಮಲಿಲ್ಲದ ಕಾರ್ಬಾಕ್ಸಿ ರೂಪ ಮೂತ್ರದಲ್ಲಿ, ನಿತ್ಯ ಸೇದುವವರಲ್ಲಿ, ವಾರಗಟ್ಟಲೆ ಕಾಣಿಸಬಹುದು. ಹಾಗಾಗಿ ಮೂತ್ರ ಪರೀಕ್ಷೆ ಹಿಂದಿನ ಸೇವನೆಯನ್ನು ತೋರಿಸುತ್ತದೆಯೇ ಹೊರತು ಆ ಗಳಿಗೆಯ ಅಮಲನ್ನಲ್ಲ.

ಅಪಾಯಗಳು

ನಾಡಿಬಡಿತ ಏರುವುದು, ಕಣ್ಣು ಕೆಂಪಾಗುವುದು, ಬಾಯಿ ಒಣಗುವುದು, ಹೆಚ್ಚಾದರೆ ಗಾಬರಿ ಮತ್ತು ಸಂಶಯ ತಕ್ಷಣದ ಲಕ್ಷಣಗಳು. ದೀರ್ಘಕಾಲದ ಬಳಕೆಯಲ್ಲಿ ಸಿಬಿ1ರ ಸಂಖ್ಯೆ ತಗ್ಗಿ, ಬಿಟ್ಟ ಸುಮಾರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಕೆಲವರಲ್ಲಿ ನಿಲ್ಲದ ವಾಂತಿ ಕಾಡುತ್ತದೆ. ಚಿತ್ತವಿಕಲತೆಯೊಂದಿಗಿನ ಸಂಬಂಧವನ್ನು ಮೊದಲು ಗಟ್ಟಿಯಾಗಿ ಸೂಚಿಸಿದ್ದು ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ ಸುಮಾರು 45,000 ಯುವಕರ ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನ. ಹದಿಹರೆಯದಲ್ಲಿ ಆರಂಭ, ದಿನವೂ ಸೇವನೆ, ಟಿಎಚ್‌ಸಿ ಹೆಚ್ಚಿರುವ ಸರಕು ಇವು ಅಪಾಯವನ್ನು ಏರಿಸುತ್ತವೆಂಬುದಕ್ಕೆ ನಂತರದ ಪುರಾವೆಗಳೂ ಪೂರಕವಾಗಿವೆ. ಇದೇ ಏಕೈಕ ಕಾರಣವೆನ್ನುವುದು ಮಾತ್ರ ಅತಿಯಾಗುತ್ತದೆ. ಟಿಎಚ್‌ಸಿ ಸಿಬಿ1ನ್ನು ಭಾಗಶಃ ಮಾತ್ರ ಪ್ರಚೋದಿಸುತ್ತದೆ; ಬೀದಿಯಲ್ಲಿ ಮಾರಾಟವಾಗುವ ಕೃತಕ ಅಣುಗಳಲ್ಲಿ ಹಲವು ಪೂರ್ತಿಯಾಗಿ ಪ್ರಚೋದಿಸುವುದರಿಂದ ಹೆಚ್ಚು ಅಪಾಯಕಾರಿ.

ಔಷಧಿಯಾಗಿ

ಕೃತಕವಾಗಿ ತಯಾರಿಸಿದ ಟಿಎಚ್‌ಸಿ ಅಮೆರಿಕದಲ್ಲಿ 1985ರಿಂದ ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಬಳಕೆಯಲ್ಲಿದೆ. ಶುದ್ಧ ಸಿಬಿಡಿ ಡ್ರಾವೆ ಮತ್ತು ಲೆನಾಕ್ಸ್–ಗ್ಯಾಸ್ಟೊ ಎಂಬ ಮಕ್ಕಳ ತೀವ್ರ ಅಪಸ್ಮಾರಗಳಿಗೆ 2018ರಲ್ಲಿ ಅಲ್ಲಿ ಅನುಮತಿ ಪಡೆಯಿತು. ಯಕೃತ್ತಿನ ಕಿಣ್ವಗಳನ್ನು ಅದು ತಡೆಯುವುದರಿಂದ ಕ್ಲೊಬಜಾಮ್‌ನಂಥ ಔಷಧಿಯೊಂದಿಗೆ ಕೊಡುವಾಗ ಎಚ್ಚರ ಬೇಕು. ಸಿಬಿ1ನ್ನು ತಡೆದು ಬೊಜ್ಜು ಇಳಿಸುವ ರಿಮೊನಬ್ಯಾಂಟ್ 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಗಳ ಕಾರಣ 2008ರಲ್ಲಿ ಹಿಂದೆ ಸರಿಯಿತು. ದೇಹದ ಸ್ವಂತ ಕ್ಯಾನಬಿನಾಯ್ಡ್ ವ್ಯವಸ್ಥೆ ಸಹಜ ಮನಃಸ್ಥಿತಿಗೂ ಎಷ್ಟು ಬೇಕೆಂಬುದು ಈ ಸೋಲಿನಿಂದ ತಿಳಿದಷ್ಟು ಬೇರಾವುದರಿಂದಲೂ ತಿಳಿದಿಲ್ಲ. ನೋವು, ನಿದ್ರೆ, ಆತಂಕಗಳಿಗೆ ಮಾರಾಟವಾಗುವ ಸಿಬಿಡಿ ಎಣ್ಣೆಗಳ ಹಿಂದೆ ಅಪಸ್ಮಾರದ ಚಿಕಿತ್ಸೆಗಿರುವಷ್ಟು ಬಲವಾದ ಆಧಾರವಿಲ್ಲ.

ಕಾನೂನಿನಲ್ಲಿ

ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದ ರೂಪುಗೊಂಡದ್ದು 1961ರಲ್ಲಿ, ಟಿಎಚ್‌ಸಿಯ ರಚನೆ ತಿಳಿಯುವುದಕ್ಕೆ ಮೂರು ವರ್ಷ ಮೊದಲು. ಅಣುವಿನ ಹೆಸರಿಲ್ಲದ್ದರಿಂದ ಅದು ಗಿಡದ ಭಾಗಗಳ ಹೆಸರಿನಲ್ಲೇ ವ್ಯಾಖ್ಯೆ ಕೊಟ್ಟಿತು. ಭಾರತದ 1985ರ ಮಾದಕವಸ್ತು ಕಾಯಿದೆಯೂ ಅದೇ ಜಾಡಿನಲ್ಲಿದೆ: ಚರಸ್ ಮತ್ತು ಹೂಗೊಂಚಲು ನಿಷಿದ್ಧ, ಹೂಗೊಂಚಲು ಬೆರೆಯದ ಎಲೆ, ಬೀಜ ವ್ಯಾಖ್ಯೆಯ ಹೊರಗೆ. ಭಂಗಿಯ ಎಲೆಯಲ್ಲೂ ಟಿಎಚ್‌ಸಿ ಇದೆ, ಪ್ರಮಾಣ ಕಡಿಮೆ. ಅದೇ ಕಾಯಿದೆಯ ಅನುಸೂಚಿಯಲ್ಲಿ ಟಿಎಚ್‌ಸಿ ಬೇರೆಯಾಗಿ, ಮನೋಪ್ರಭಾವಕ ವಸ್ತುವಾಗಿ ನಮೂದಾಗಿದೆ. ಭಂಗಿ ಗಾಂಜಾ ಹೌದೇ ಎಂಬ ಪ್ರಶ್ನೆ 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಜಾಮೀನು ಅರ್ಜಿಯೊಂದರಲ್ಲಿ ಬಂದಾಗ ಚರ್ಚೆ ನಡೆದದ್ದೂ ಕಾಯಿದೆಯ ಈ ವ್ಯಾಖ್ಯೆಯ ಮೇಲೆಯೇ. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಬೀಜವನ್ನೂ ಬೀಜದೆಣ್ಣೆಯನ್ನೂ ಆಹಾರವಾಗಿ ಅಂಗೀಕರಿಸುವಾಗ ಮಾತ್ರ ಟಿಎಚ್‌ಸಿಗೆ ಮಿತಿ ಹಾಕಿತು. ಬೀಜದೊಳಗೆ ಗ್ರಂಥಿಗಳಿಲ್ಲದಿದ್ದರೂ ಕೊಯ್ಲಿನಲ್ಲಿ ಹೂವಿನ ಅಂಟು ಸಿಪ್ಪೆಗೆ ಮೆತ್ತಿಕೊಂಡು ಬರುತ್ತದೆ.