ಅಲೆ ಓದುವ ವಿದ್ಯೆ: ಮದ್ರಾಸಿನ ದೋಣಿಯಿಂದ ಸಸಿಹಿತ್ಲುವಿನ ಹಲಗೆಯವರೆಗೆ

ವಾರದ ನಡುವಿನ ದಿನ ಬೆಳಿಗ್ಗೆ ಬೇಗ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲ ತೀರಕ್ಕೆ ಹೋಗಿ ನೋಡಿ. ದಡದಲ್ಲಿ ಎರಡು ಬಗೆಯ ಜನ ಮಾತಿಲ್ಲದೆ ನೀರನ್ನೇ ನೋಡುತ್ತಾ ನಿಂತಿರುತ್ತಾರೆ. ಒಬ್ಬರ ಹೆಗಲ ಮೇಲೆ ಬಲೆ, ಇನ್ನೊಬ್ಬರ ಕಂಕುಳಲ್ಲಿ ಆಳುದ್ದಕ್ಕಿಂತ ಉದ್ದದ ಹಲಗೆ. ಬಲೆಯವರು ಊರಿನವರು. ಹಲಗೆಯವರಲ್ಲಿ ಬೆಂಗಳೂರಿನವರು, ಹೊರದೇಶದವರು ಇರುತ್ತಾರೆ. ಈಗೀಗ ಊರಿನ ಮಕ್ಕಳೂ ಇರುತ್ತಾರೆ. ನಿಂತ ಜಾಗ ಬೇರೆಯಾದರೂ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ಅಲೆ ಎಣಿಸುತ್ತಿದ್ದಾರೆ.

ಹಲಗೆಯ ಮೇಲೆ ನಿಂತು ಒಡೆಯುವ ಅಲೆಯ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಸರ್ಫಿಂಗ್ ಎನ್ನುತ್ತಾರೆ. ಬಾಲಿ, ಕ್ಯಾಲಿಫೋರ್ನಿಯಾದಂಥ ಕಡೆ ಒಂದೊಂದು ಅಲೆಗೂ ಹತ್ತಾರು ಜನ ಮುಗಿಬೀಳುತ್ತಾರೆ. ಅಲ್ಲಿಂದ ಬಂದವರಿಗೆ ನಾಲ್ಕೈದು ಜನ ಮಾತ್ರ ಇರುವ ನಮ್ಮ ಕರಾವಳಿಯ ತೀರ ಸ್ವರ್ಗದಂತೆ ಕಾಣುವುದು ಸಹಜ. ಅವರು ಇದನ್ನು ‘ಖಾಲಿ ತೀರ’ ಎಂದು ಹೊಗಳುತ್ತಾರೆ. ಸ್ಪರ್ಧೆಗಳ ಸುದ್ದಿ ಬರೆಯುವಾಗ ನಾನೂ ಇದೇ ಮಾತನ್ನು ಬರೆದಿದ್ದೇನೆ. ಆದರೆ ಈ ಆಟದ ಇತಿಹಾಸ ಓದುತ್ತಾ ಹೋದ ಹಾಗೆ ಆ ಮಾತು ಸರಿಯಲ್ಲ ಅನ್ನಿಸಿತು. ಯಾಕೆ ಎಂದು ಹೇಳುತ್ತೇನೆ.

ಅಲೆ ಒಡೆಯುವುದು ಯಾಕೆ?

ಮೊದಲು ಅಲೆಯ ಲೆಕ್ಕ ತಿಳಿಯೋಣ. ಎಲ್ಲೋ ದೂರದ ಸಾಗರದಲ್ಲಿ ಬೀಸಿದ ಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ದಡಕ್ಕೆ ಬರುತ್ತದೆ. ಕೆಲವೊಮ್ಮೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಕಡಲು ಏಕಾಏಕಿ ಉಕ್ಕುವುದುಂಟು. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಅವು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನ ಹಾಗೆ ಹೇಳದೆ ಕೇಳದೆ ಬರುವ ಕಡಲು ಎಂದರ್ಥ.

ಅಲೆ ದಡದ ಹತ್ತಿರ ಬಂದಂತೆ ನೀರಿನ ಆಳ ಕಡಿಮೆಯಾಗುತ್ತದೆ. ಅಲೆಯ ಬುಡ ನಿಧಾನವಾಗುತ್ತದೆ, ತಲೆ ಎತ್ತರವಾಗುತ್ತದೆ. ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಕೆಲವು ದೇಶಗಳಲ್ಲಿ ಇದು ಬಂಡೆ ಅಥವಾ ಹವಳದ ದಿಬ್ಬದ ಮೇಲೆ ಒಡೆಯುತ್ತದೆ. ನಮ್ಮ ಕಡೆ ಬಹುಪಾಲು ಒಡೆಯುವುದು ಮರಳ ದಿಬ್ಬದ ಮೇಲೆ. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ಹೊಳೆಗಳು ಒಟ್ಟಿಗೆ ಕಡಲು ಸೇರುತ್ತವೆ. ಹೊಳೆ ಮರಳನ್ನು ತಂದು ಹಾಕುತ್ತದೆ, ಕಡಲು ಅದನ್ನು ಹಿಂದೆ ಮುಂದೆ ತಳ್ಳುತ್ತದೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತವೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಮೆಲ್ಲಗೆ ಅದನ್ನು ವಾಪಸ್ ತರುತ್ತವೆ. ಹಾಗಾಗಿ ಕಳೆದ ವರ್ಷ ಅಲೆ ಚೆನ್ನಾಗಿ ಒಡೆದ ಜಾಗದಲ್ಲಿ ಈ ವರ್ಷವೂ ಒಡೆಯುತ್ತದೆ ಎಂದು ಹೇಳಲಾಗದು.

ದಡಕ್ಕೆ ನುಗ್ಗಿದ ನೀರು ದಿಬ್ಬಗಳ ನಡುವಿನ ಓಣಿಯಲ್ಲಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಪ್ರವಾಸಿಗಳು ಇದೇ ಒಳ್ಳೆಯ ಜಾಗ ಎಂದು ಇಳಿದು ಪ್ರಾಣ ಕಳೆದುಕೊಳ್ಳುತ್ತಾರೆ. ಅಂಥ ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜಬಾರದು. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ನಾಡದೋಣಿಯವರು ಇದೇ ಓಣಿಯನ್ನು ಗುರುತಿಸಿ ದೋಣಿ ಇಳಿಸುತ್ತಾರೆ. ಸರ್ಫಿಂಗ್ ಮಾಡುವವರೂ ಇದೇ ಓಣಿ ಹಿಡಿದು ಹೊರಗೆ ಹೋಗುತ್ತಾರೆ. ಅಲೆ ಎಣಿಸುವುದು ಯಾಕೆ ಎಂದು ಈಗ ಗೊತ್ತಾಗಿರಬೇಕು. ದೊಡ್ಡ ಅಲೆಗಳು ಸಾಲಾಗಿ ಗುಂಪು ಗುಂಪಾಗಿ ಬರುತ್ತವೆ. ಒಂದು ಗುಂಪು ಮುಗಿದು ಇನ್ನೊಂದು ಬರುವ ನಡುವೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ದಾಟಬೇಕು.

‘ಸರ್ಫ್’ ಪದ ಬಂದ ತೀರ

ನಮ್ಮ ಮನೆಗಳಲ್ಲಿ ಸರ್ಫ್ ಎಂದರೆ ಬಟ್ಟೆ ಒಗೆಯುವ ಪುಡಿ. ಇಂಗ್ಲಿಷಿನಲ್ಲಿ ಅದರ ಅರ್ಥ ದಡಕ್ಕೆ ಬಡಿದು ನೊರೆಯಾಗುವ ಅಲೆ. ಈ ಪದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ. ಅದೂ ಭಾರತದ ಕರಾವಳಿಯ ಬಗ್ಗೆ ಬರೆದ ಬರಹಗಳಲ್ಲಿ. ಇದರ ಮೂಲ ಭಾರತದ್ದೇ ಯಾವುದೋ ಭಾಷೆಯಲ್ಲಿ ಇರಬಹುದು ಎಂದು ಪದಕೋಶ ಮಾಡಿದವರು ಊಹಿಸಿದ್ದಾರೆ.

ಇಂಗ್ಲಿಷರಿಗೆ ಈ ಪದ ಯಾಕೆ ಬೇಕಾಯಿತು ಎನ್ನಲು ಮದ್ರಾಸನ್ನು ನೋಡಿದರೆ ಸಾಕು. ಈಸ್ಟ್ ಇಂಡಿಯಾ ಕಂಪನಿ 1639ರಲ್ಲಿ ಅಲ್ಲಿ ಜಾಗ ಪಡೆಯಿತು, ಕೋಟೆ ಕಟ್ಟಿತು. ಬಂದರು ಮಾತ್ರ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕಿತ್ತು. ಹಡಗಿಗೂ ದಡಕ್ಕೂ ನಡುವೆ ಒಂದರ ಹಿಂದೆ ಒಂದು ಒಡೆಯುವ ಅಲೆಗಳ ಸಾಲು. ಯುರೋಪಿನ ಮೊಳೆ ಹೊಡೆದ ದೋಣಿಗಳು ಅದರಲ್ಲಿ ಸಿಕ್ಕಿ ನೆಲಕ್ಕೆ ಅಪ್ಪಳಿಸಿದರೆ ಚೂರಾಗುತ್ತಿದ್ದವು.

ಆ ನೀರನ್ನು ದಾಟಿಸಿದ್ದು ಅಲ್ಲಿನ ಮೀನುಗಾರರ ‘ಮಸೂಲ’ ದೋಣಿ. ಅದಕ್ಕೆ ಒಂದೂ ಮೊಳೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಮರಳಿಗೆ ಬಡಿದಾಗ ದೋಣಿ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ಹಿಂದೆ ನಿಂತು ಚುಕ್ಕಾಣಿ ಹಿಡಿದವನನ್ನು ಕಂಪನಿಯವರು ‘ಟಿಂಡಲ್’ ಎಂದು ಬರೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಇಂದಿಗೂ ಬೋಟಿನ ಮುಖ್ಯಸ್ಥನಿಗೆ ‘ತಂಡೇಲ’ ಎನ್ನುತ್ತೇವೆ, ಅದೇ ಪದ. ಅವನು ಅಲೆಯನ್ನು ನೋಡಿ ಕಾಯುತ್ತಿದ್ದ. ಸರಿಯಾದ ಅಲೆ ಬಂದಾಗ ಕೂಗು ಹಾಕುತ್ತಿದ್ದ. ಹುಟ್ಟು ಹಾಕುವವರು ಒಟ್ಟಿಗೆ ಎಳೆದರೆ ದೋಣಿ ಅಲೆಯ ಬೆನ್ನೇರಿ ದಡಕ್ಕೆ ಬರುತ್ತಿತ್ತು. ಗವರ್ನರ್ ಆದರೂ ಸಿಪಾಯಿ ಆದರೂ ಮದ್ರಾಸಿಗೆ ಕಾಲಿಡಲು ಈ ಮೀನುಗಾರರ ಕೈಯನ್ನೇ ನಂಬಬೇಕಿತ್ತು.

ಮಸೂಲ ಇಳಿಯಲಾಗದ ಬಿರುಸಿನ ದಿನ ‘ಕಟ್ಟುಮರಂ’ ಇಳಿಯುತ್ತಿತ್ತು. ಮೂರು ನಾಲ್ಕು ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ ತೆಪ್ಪ ಅದು. ಇಂದು ಜಗತ್ತೆಲ್ಲ ಬಳಸುವ ‘ಕೆಟಮರಾನ್’ ಎಂಬ ಪದ ಬಂದದ್ದು ಈ ತಮಿಳು ಪದದಿಂದ. ಅದರ ಮೇಲೆ ಹೋಗುವವರು ಹಡಗಿನ ಕಾಗದಪತ್ರಗಳನ್ನು ನೀರು ತಾಗದಂತೆ ತಲೆಯ ಟೊಪ್ಪಿಯೊಳಗೆ ಇಟ್ಟುಕೊಂಡು ಅಲೆ ದಾಟುತ್ತಿದ್ದರು. ನೀರಿಗೆ ಬಿದ್ದವರನ್ನು ಎತ್ತುತ್ತಿದ್ದವರೂ ಅವರೇ.

1870ರ ದಶಕದಲ್ಲಿ ಮದ್ರಾಸಿನಲ್ಲಿ ಬಂದರು ಕಟ್ಟಲು ಶುರುಮಾಡಿದರು. 1881ರ ನವೆಂಬರ್‌ನ ಚಂಡಮಾರುತ ಅದನ್ನು ಮುರಿದು ಹಾಕಿತು. ಮತ್ತೆ ಕಟ್ಟಿದರು. ಹಡಗುಗಳು ನೇರ ಒಳಗೆ ಬರುವಂತಾದ ಮೇಲೆ ಮಸೂಲ ದೋಣಿಗಳ ಆ ಕೆಲಸ ಕ್ರಮೇಣ ನಿಂತುಹೋಯಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ನಗರವನ್ನು ಸಾಕಿದ ವಿದ್ಯೆಯನ್ನು ಕಂಪನಿಯ ಕಡತಗಳು ವಿದ್ಯೆ ಎಂದು ಕರೆಯಲಿಲ್ಲ. ಅದು ಕೂಲಿಯ ಲೆಕ್ಕದಲ್ಲಿ ಉಳಿಯಿತು.

ಅದೇ ವಿದ್ಯೆ ಆಟವಾದ ಕಡೆ

ಮದ್ರಾಸಿನಲ್ಲಿ ಇದು ದುಡಿಮೆಯಾಗಿದ್ದ ಕಾಲದಲ್ಲೇ ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳಲ್ಲಿ ಇದು ಆಟವಾಗಿತ್ತು. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗಿನವರು 1777ರಲ್ಲಿ ಟಾಹಿಟಿಯಲ್ಲಿ ಒಬ್ಬ ಮನುಷ್ಯ ದೋಣಿಯಲ್ಲಿ ಕೂತು ಬರೀ ಖುಷಿಗಾಗಿ ಅಲೆ ಏರುವುದನ್ನು ಕಂಡು ಬರೆದಿಟ್ಟರು. 1779ರಲ್ಲಿ ಜೇಮ್ಸ್ ಕಿಂಗ್ ಎಂಬ ಅಧಿಕಾರಿ ಹವಾಯಿಯಲ್ಲಿ ಜನ ಹಲಗೆಯ ಮೇಲೆ ಅಲೆ ಸವಾರಿ ಮಾಡುವುದನ್ನು ವಿವರವಾಗಿ ಬರೆದ. ಅಲ್ಲಿ ಅರಸರು, ಸಾಮಾನ್ಯರು, ಗಂಡಸರು, ಹೆಂಗಸರು ಎಲ್ಲರೂ ಈ ಆಟ ಆಡುತ್ತಿದ್ದರು.

ಆಮೇಲೆ ಹೊರಗಿನವರೊಂದಿಗೆ ಹೊಸ ರೋಗಗಳು ಬಂದವು. ಲಕ್ಷಗಳಲ್ಲಿದ್ದ ಹವಾಯಿಯ ಮೂಲ ಜನ 1890ರ ದಶಕದ ಹೊತ್ತಿಗೆ ಸುಮಾರು 40 ಸಾವಿರಕ್ಕೆ ಇಳಿದರು. 1820ರಿಂದ ಬಂದ ಮಿಷನರಿಗಳಿಗೆ ಮೈ ತುಂಬ ಬಟ್ಟೆಯಿಲ್ಲದ ಈ ಆಟ ಹಿಡಿಸಲಿಲ್ಲ. 1893ರಲ್ಲಿ ರಾಣಿಯನ್ನು ಕೆಳಗಿಳಿಸಿದರು, 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ಇಷ್ಟರಲ್ಲಿ ಅಲೆಗಳ ಮೇಲೆ ಹಲಗೆಗಳು ತೀರಾ ಕಡಿಮೆಯಾಗಿದ್ದವು. ಅಂದರೆ ಹವಾಯಿಯ ಕಡಲೂ ಒಂದು ಕಾಲಕ್ಕೆ ಖಾಲಿಯಾಗಿತ್ತು. ಜನ ಸತ್ತು ಖಾಲಿಯಾಗಿತ್ತು.

1908ರಲ್ಲಿ ಹೊನೊಲುಲುವಿನಲ್ಲಿ ಸರ್ಫಿಂಗ್‌ಗಾಗಿ ಕ್ಲಬ್ ಆಯಿತು. ಸದಸ್ಯರು ಹೆಚ್ಚಾಗಿ ಬಿಳಿಯರು. 1911ರಲ್ಲಿ ಹವಾಯಿಯ ಹುಡುಗರು ‘ಹುಯಿ ನಾಲು’ ಎಂಬ ತಮ್ಮದೇ ಕ್ಲಬ್ ಮಾಡಿಕೊಂಡರು. ಅವರಲ್ಲಿ ಒಬ್ಬ ಡ್ಯೂಕ್ ಕಹನಮೊಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದ. ಎರಡು ವರ್ಷದ ನಂತರ ಆಸ್ಟ್ರೇಲಿಯಾಕ್ಕೆ ಹೋದವನು ಅಲ್ಲೇ ಮರದ ಹಲಗೆ ಮಾಡಿಕೊಂಡು ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಸರ್ಫಿಂಗ್ ತೋರಿಸಿದ. ಆಟ ಜಗತ್ತಿಗೆ ಹಬ್ಬಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಮೂಲ್ಕಿಗೆ ಬಂದ ಹಲಗೆ

ನಮ್ಮ ಜಿಲ್ಲೆಗೆ ಹಲಗೆ ತಂದದ್ದು ಒಬ್ಬ ಸನ್ಯಾಸಿ. ಅಮೆರಿಕದ ಫ್ಲೋರಿಡಾದಲ್ಲಿ 1960ರ ದಶಕದಲ್ಲಿ ಸರ್ಫಿಂಗ್ ಕಲಿತ ಜ್ಯಾಕ್ ಹೆಬ್ನರ್ ಮುಂದೆ ಕೃಷ್ಣಭಕ್ತರಾಗಿ, ಭಾರತಕ್ಕೆ ಬಂದು ನರಸಿಂಘ ಸ್ವಾಮಿಯಾದರು. ಜನ ಕರೆದದ್ದು ‘ಸರ್ಫಿಂಗ್ ಸ್ವಾಮಿ’ ಎಂದು. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ದೇಶದ ಮೊದಲ ಸರ್ಫಿಂಗ್ ಕ್ಲಬ್ ಎಂದು ಇದನ್ನು ಹೇಳುತ್ತಾರೆ. ಸ್ವಾಮಿಗಳು 2020ರಲ್ಲಿ ತೀರಿಕೊಂಡರು.

2007ರಲ್ಲಿ ಮಣಿಪಾಲದಲ್ಲಿ ಪತ್ರಿಕೋದ್ಯಮ ಓದಲು ಬಂದಿದ್ದ ಮುಂಬೈಯ ಇಶಿತಾ ಮಾಳವಿಯ ಇಲ್ಲೇ ಹಲಗೆ ಹತ್ತಿದರು. ಮುಂದೆ ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎನಿಸಿದರು. ಉಡುಪಿಯ ಕೋಡಿ ಬೆಂಗ್ರೆಯಲ್ಲಿ ಗೆಳೆಯನ ಜೊತೆ ಕ್ಲಬ್ ಕಟ್ಟಿ ಮೀನುಗಾರರ ಮಕ್ಕಳಿಗೂ ಕಲಿಸಿದರು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. 2024ರಲ್ಲಿ ಮತ್ತೆ ಅಲ್ಲಿಗೇ ಬಂತು.

ಅತ್ತ ತಮಿಳುನಾಡಿನ ಕೋವಳಂ ಎಂಬ ಮೀನುಗಾರರ ಊರಿನಲ್ಲಿ ಮೂರ್ತಿ ಮೇಗವನ್ ಎಂಬ ಮೀನುಗಾರ ಸರ್ಫಿಂಗ್ ಶಾಲೆ ಕಟ್ಟಿದರು. ಇಂದು ದೇಶದ ಒಳ್ಳೆಯ ಸರ್ಫರ್‌ಗಳ ಪಟ್ಟಿ ತೆಗೆದರೆ ತಮಿಳುನಾಡಿನ ಮೀನುಗಾರರ ಮಕ್ಕಳ ಹೆಸರು ಸಾಲಾಗಿ ಬರುತ್ತವೆ. 2025ರ ಆಗಸ್ಟ್‌ನಲ್ಲಿ ಮಾಮಲ್ಲಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ ಕಂಚು ಗೆದ್ದರು. ಅವರು ಕೇರಳದಲ್ಲಿ ಬೆಳೆದವರಾದರೂ ಕುಟುಂಬದ ಮೂಲ ಕರ್ನಾಟಕ. ಹಲಗೆ ಹೊರಗಿನಿಂದ ಬಂತು, ನಿಜ. ಆದರೆ ಅದನ್ನು ಬೇಗ ಕಲಿತವರಲ್ಲಿ ಹೆಚ್ಚಿನವರು ಚಿಕ್ಕಂದಿನಿಂದ ಕಡಲ ದಡದಲ್ಲಿ ಬೆಳೆದವರು.

ಮರಳು ಹೋದರೆ ಅಲೆಯೂ ಇಲ್ಲ

ಈಗ ಮದ್ರಾಸಿನ ಬಂದರಿಗೆ ಮತ್ತೆ ಹೋಗೋಣ. ಆ ಕಲ್ಲಿನ ಗೋಡೆ ಅಲೆ ತಡೆದದ್ದಷ್ಟೇ ಅಲ್ಲ, ದಡದ ಉದ್ದಕ್ಕೂ ಸಾಗುತ್ತಿದ್ದ ಮರಳನ್ನೂ ತಡೆಯಿತು. ಗೋಡೆಯ ದಕ್ಷಿಣಕ್ಕೆ ಮರಳು ಸೇರಿ ಸೇರಿ ಮರೀನಾ ಬೀಚ್ ಅಗಲವಾಯಿತು. ಉತ್ತರಕ್ಕೆ ರಾಯಪುರಂ ಕಡೆ ಮರಳಿನ ದಾರಿ ಕಟ್ಟಿಹೋಗಿ ಕಡಲು ದಡವನ್ನು ತಿನ್ನತೊಡಗಿತು. ಅಲ್ಲಿ ಇದ್ದದ್ದು ಮೀನುಗಾರರ ಕೇರಿಗಳು.

ಕಡಲ್ಕೊರೆತ ನಮಗೇನು ಹೊಸತಲ್ಲ. ಉಳ್ಳಾಲದಲ್ಲಿ ನೋಡಿದ್ದೇವೆ. ಸಸಿಹಿತ್ಲುವಿನಲ್ಲೂ ಗಾಳಿಮರಗಳು ಬೇರು ಸಮೇತ ಉರುಳಿದ್ದನ್ನು ನೋಡಿದ್ದೇವೆ. ಮಳೆಗಾಲ ಬಂದಾಗ ಕಲ್ಲು ತಂದು ಸುರಿಯುತ್ತಾರೆ. ಮನೆಯ ಅಂಗಳಕ್ಕೆ ಕಡಲು ಬಂದವರಿಗೆ ಆ ಕಲ್ಲು ಬೇಕೇ ಬೇಕು, ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ಕಲ್ಲಿಗೆ ಬಡಿದ ಅಲೆ ಹಿಂದಕ್ಕೆ ಪುಟಿದು ಎದುರಿನ ಮರಳನ್ನು ಕೆರೆಯುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದ ಜಾಗಕ್ಕೆ ಕೊರೆತ ಸರಿಯುತ್ತದೆ. ದಡ ಹೋದರೆ ಕೈರಂಪಣಿ ಎಳೆಯಲು ಜಾಗವಿಲ್ಲ, ನಾಡದೋಣಿ ಎಳೆದಿಡಲು ಜಾಗವಿಲ್ಲ. ಮರಳ ದಿಬ್ಬ ಹೋದರೆ ಹಲಗೆ ಏರುವ ಅಲೆಯೂ ಇಲ್ಲ. ಬಲೆಯವರೂ ಹಲಗೆಯವರೂ ಕಳೆದುಕೊಳ್ಳುವುದು ಒಂದೇ ಮರಳನ್ನು.

‘ಖಾಲಿ ತೀರ’ ಎಂಬ ಮಾತು ನನಗೆ ಈಗ ಚುಚ್ಚುವುದು ಇದಕ್ಕೇ. ಖಾಲಿ ಎಂದ ಕೂಡಲೇ ಅಲ್ಲಿ ಯಾರೂ ಇಲ್ಲ, ಏನು ಬೇಕಾದರೂ ಕಟ್ಟಬಹುದು ಎಂಬ ಅರ್ಥ ಬರುತ್ತದೆ. ಮದ್ರಾಸಿನಲ್ಲಿ ಅಲೆ ಓದಲು ಬಲ್ಲವರನ್ನು ಕೂಲಿಗೆ ಕರೆದರೇ ಹೊರತು ಗೋಡೆ ಎಲ್ಲಿ ಕಟ್ಟಬೇಕು ಎಂದು ಕೇಳಲಿಲ್ಲ. ನಮ್ಮಲ್ಲಿ ಈಗ ಅಜ್ಜ ದೋಣಿಯಿಂದ ನೋಡಿದ ಅಲೆಯನ್ನು ಮೊಮ್ಮಗ ಹಲಗೆಯಿಂದ ನೋಡುವ ಮನೆಗಳು ಒಂದೊಂದಾಗಿ ಆಗುತ್ತಿವೆ. ದಿಬ್ಬ ಎಲ್ಲಿತ್ತು, ಎಲ್ಲಿಗೆ ಸರಿಯಿತು, ಅಳಿವೆ ಬಾಗಿಲು ಯಾವ ವರ್ಷ ಎತ್ತ ತಿರುಗಿತು ಎಂಬ ಲೆಕ್ಕ ಅವರ ಬಾಯಲ್ಲೇ ಇದೆ.

ಮುಂದಿನ ಸಲ ನಿಮ್ಮ ಊರಿನ ತೀರಕ್ಕೆ ತಡೆಗೋಡೆಯ ಅಥವಾ ಪ್ರವಾಸೋದ್ಯಮದ ಯೋಜನೆ ಬಂದರೆ, ಗ್ರಾಮಸಭೆಯಲ್ಲಿ ಮೊದಲು ಆ ಅಜ್ಜನನ್ನೂ ಆ ಮೊಮ್ಮಗನನ್ನೂ ಮಾತಾಡಲು ಬಿಡಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.