ಮಾತು ಕಲಿತ ಬೆಳ್ಳಿತೆರೆ

ಹಳೆಯ ಕನ್ನಡ ಚಿತ್ರವೊಂದನ್ನು ನೀವು ಎಂದಾದರೂ ಕಣ್ಣು ಮುಚ್ಚಿಕೊಂಡು ಕೇಳಿದ್ದೀರಾ? ಚಿತ್ರವೆಂದರೆ ನೋಡುವ ವಸ್ತು, ಅದನ್ನು ಕೇಳುವುದೆಂದರೇನು ಎಂದು ನಗಬೇಡಿ. ರೇಡಿಯೋ ಇರುವ ಮನೆಯವರಿಗೆ ಇದು ಅಪರಿಚಿತವಾದ ಸುಖವೇನೂ ಅಲ್ಲ. ಆಕಾಶವಾಣಿಯಿಂದ ಚಲನಚಿತ್ರಗಳ ಧ್ವನಿಭಾಗ ಪ್ರಸಾರವಾದಾಗ ಅಡಿಗೆಮನೆಯ ಕೆಲಸ ನಿಲ್ಲಿಸದೆಯೇ ಇಡೀ ಕಥೆಯನ್ನು ಕೇಳಿ, ಅತ್ತು, ನಕ್ಕವರು ನಮ್ಮಲ್ಲಿ ಎಷ್ಟು ಜನರಿಲ್ಲ! ಚಿತ್ರವಿಲ್ಲದೆಯೂ ಕಥೆ ನಿಂತಿತಲ್ಲ, ಅದು ಯಾವುದರ ಬಲದಿಂದ? ಮಾತಿನ ಬಲದಿಂದ. ಆ ಮಾತು ಬೆಳ್ಳಿತೆರೆಗೆ ಎಲ್ಲಿಂದ ಬಂದಿತು, ಅದನ್ನು ತಂದುಕೊಟ್ಟವರು ಯಾರು ಎಂಬುದನ್ನು ಒಬ್ಬ ಚಿತ್ರಾಭಿಮಾನಿಯಾಗಿಯೂ ಕನ್ನಡ ಪಾಠ ಹೇಳುವವನಾಗಿಯೂ ನಿಮ್ಮ ಮುಂದೆ ನಿವೇದಿಸುವುದು ನನ್ನ ಉದ್ದೇಶ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಹಣ ಹೂಡಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ. ವಿ. ರಾವ್. ಅಂದು ನಮ್ಮ ನಾಡಿನಲ್ಲಿ ವಾಕ್ಚಿತ್ರ ತೆಗೆಯುವ ಅನುಕೂಲವಿರಲಿಲ್ಲವಾದ್ದರಿಂದ ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತು. ವೆಚ್ಚ ಸುಮಾರು 40,000 ರೂಪಾಯಿ. ಮಾತು ಮತ್ತು ಹಾಡುಗಳನ್ನು ಬರೆದವರು ನಾಟಕಕಾರರಾದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ ಅಭಿನಯಿಸಿದರು. ಅದೇ ವರ್ಷ ತೆರೆಕಂಡ 'ಭಕ್ತ ಧ್ರುವ'ದ ಚಿತ್ರೀಕರಣ ಇದಕ್ಕಿಂತ ಮೊದಲೇ ಆರಂಭವಾಗಿದ್ದರೂ ಬಿಡುಗಡೆಯಲ್ಲಿ ಅದು ಹಿಂದೆ ಬಿದ್ದಿತು. ಆ ಚಿತ್ರದಲ್ಲಿ ನಟಿಸಿದವರು ಎ. ವಿ. ವರದಾಚಾರ್ಯರು ಕಟ್ಟಿ ಬೆಳೆಸಿದ್ದ ರತ್ನಾವಳಿ ನಾಟಕ ಕಂಪೆನಿಯವರು. ಮರುವರ್ಷ, 1935ರಲ್ಲಿ, ಗುಬ್ಬಿ ವೀರಣ್ಣನವರ 'ಸದಾರಮೆ' ಬಂದಿತು. ಹೀಗೆ ಮೊದಲ ಚಿತ್ರಗಳ ನಟವರ್ಗದ ಪಟ್ಟಿಯನ್ನು ಹಿಡಿದು ನೋಡಿದರೆ, ಅದು ಯಾವುದೋ ಒಂದು ನಾಟಕ ಕಂಪೆನಿಯ ಹಸ್ತಪತ್ರಿಕೆಯಂತೆಯೇ ಕಾಣುತ್ತದೆ.

ಇದಕ್ಕೆ ಕಾರಣವುಂಟು. ಆರಂಭದ ವಾಕ್ಚಿತ್ರಗಳಲ್ಲಿ ಒಬ್ಬರ ತುಟಿಗೆ ಇನ್ನೊಬ್ಬರ ಕಂಠವನ್ನು ಹೊಂದಿಸುವ ಹಿನ್ನೆಲೆ ಗಾಯನದ ವ್ಯವಸ್ಥೆ ಇರಲಿಲ್ಲ. ಕ್ಯಾಮರಾ ತಿರುಗುತ್ತಿರುವಾಗಲೇ ನಟನು ಮಾತಾಡಬೇಕು, ಹಾಡಬೇಕು, ಅಭಿನಯಿಸಬೇಕು. ಹಾರ್ಮೋನಿಯಂ, ತಬಲದವರು ಚಿತ್ರದ ಚೌಕಟ್ಟಿಗೆ ಸಿಗದಂತೆ ಮರೆಯಲ್ಲಿ ಕುಳಿತು ನುಡಿಸಬೇಕು. ಧ್ವನಿಗ್ರಾಹಕ ಯಂತ್ರವಾದರೋ ಇಂದಿನಷ್ಟು ಸೂಕ್ಷ್ಮವಲ್ಲ. ಒಂದು ಅಕ್ಷರ ನುಂಗಿದರೆ ಇಡೀ ದೃಶ್ಯವನ್ನು ಮತ್ತೆ ತೆಗೆಯಬೇಕು, ದುಬಾರಿಯಾದ ಫಿಲ್ಮ್ ವ್ಯರ್ಥವಾಗುತ್ತದೆ. ಇಂಥ ಪರೀಕ್ಷೆಗೆ ನಿಲ್ಲಬಲ್ಲವರು ಯಾರಿದ್ದರು? ಧ್ವನಿವರ್ಧಕದ ಸಹಾಯವಿಲ್ಲದೆ, ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಮಾತು ಮುಟ್ಟಿಸಬೇಕೆಂದು ವರ್ಷಗಟ್ಟಲೆ ಗಂಟಲನ್ನು ಪಳಗಿಸಿದ ಕಂಪೆನಿಯ ನಟರು ಮಾತ್ರ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಅವರಲ್ಲಿ ಅನೇಕರು ವ್ಯಾಕರಣದ ಪುಸ್ತಕದಿಂದ ಕಲಿಯಲಿಲ್ಲ. ಕಂಪೆನಿಯ ಮೇಷ್ಟರ ಬೈಗುಳದಿಂದ ಕಲಿತರು. ಕಲಿತದ್ದು ಮಾತ್ರ ಸಾಯುವವರೆಗೆ ಮರೆಯಲಿಲ್ಲ.

ಸುಬ್ಬಯ್ಯನಾಯ್ಡು ಮತ್ತು ನಾಗೇಂದ್ರರಾಯರ ಜೋಡಿಯನ್ನೇ ತೆಗೆದುಕೊಳ್ಳಿ. ಇಬ್ಬರೂ ಸೇರಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದವರು. ಅವರ 'ಭೂಕೈಲಾಸ' ನಾಟಕದ ಕೀರ್ತಿ ಎಷ್ಟಿತ್ತೆಂದರೆ, 1940ರಲ್ಲಿ ಅದು ತೆಲುಗಿನಲ್ಲಿ ಚಿತ್ರವಾದಾಗ ರಾವಣನ ಪಾತ್ರಕ್ಕೆ ಸುಬ್ಬಯ್ಯನಾಯ್ಡು ಅವರನ್ನೂ ನಾರದನ ಪಾತ್ರಕ್ಕೆ ನಾಗೇಂದ್ರರಾಯರನ್ನೂ ಕರೆದರು. ಮರುವರ್ಷ ಬಂದ 'ವಸಂತಸೇನೆ'ಯಲ್ಲಿ ನಾಯ್ಡು ಅವರು ಚಾರುದತ್ತ, ರಾಯರು ಶಕಾರ. ಸಂಸ್ಕೃತ ನಾಟಕಗಳನ್ನು ಬಲ್ಲವರಿಗೆ ಶೂದ್ರಕನ ಶಕಾರ ಎಂಥವನೆಂದು ಗೊತ್ತು. ಸಕಾರದ ಜಾಗದಲ್ಲೆಲ್ಲ ಶಕಾರವನ್ನು ಉಚ್ಚರಿಸುವವನು, ರಾಮಾಯಣದವರನ್ನು ಭಾರತಕ್ಕೂ ಭಾರತದವರನ್ನು ರಾಮಾಯಣಕ್ಕೂ ಬೆರೆಸಿ ತನ್ನ ಪಾಂಡಿತ್ಯ ಮೆರೆಸುವ ಮೂರ್ಖ. ಇಂಥವನ ಪಾತ್ರವನ್ನು ವಹಿಸುವುದು ಸುಲಭವೆಂದು ಬಗೆಯಬೇಡಿ. ತಪ್ಪನ್ನು ಸರಿಯಾಗಿ ಆಡಿ ತೋರಿಸಲು ನಾಲಿಗೆ ಸರಿಯನ್ನು ಚೆನ್ನಾಗಿ ಬಲ್ಲದ್ದಾಗಿರಬೇಕು. ತರಗತಿಯಲ್ಲಿ ಹುಡುಗರ ಉಚ್ಚಾರಣೆಯನ್ನು ತಿದ್ದುವ ನಮ್ಮಂಥವರಿಗೆ ಇದರ ಕಷ್ಟ ಗೊತ್ತು.

ಈ ಪರಂಪರೆಯ ಫಲ ಕೈಗೆ ಬಂದದ್ದು 1954ರಲ್ಲಿ, 'ಬೇಡರ ಕಣ್ಣಪ್ಪ'ನ ರೂಪದಲ್ಲಿ. ಹರಿಹರ ಕವಿ ರಗಳೆಯಲ್ಲಿ ಹಾಡಿದ ಕಣ್ಣಪ್ಪನ ಕಥೆ ಕನ್ನಡಿಗರಿಗೆ ಹೊಸದಲ್ಲ. ಅದನ್ನು ಎಚ್. ಎಲ್. ಎನ್. ಸಿಂಹ ಅವರು ಗುಬ್ಬಿ ಸಂಸ್ಥೆಯ ಲಾಂಛನದಲ್ಲಿ ಚಿತ್ರವಾಗಿ ನಿರ್ದೇಶಿಸಿದರು. ನಾಯಕನಾಗಿ ಆರಿಸಿದ್ದು ಗಾಜನೂರಿನ ಮುತ್ತುರಾಜ ಎಂಬ ರಂಗನಟನನ್ನು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯ ಹೆಸರಾಂತ ನಟರು. ಶಾಲೆಯ ವಿದ್ಯೆ ಮಗನಿಗೆ ಹೆಚ್ಚು ದಕ್ಕಲಿಲ್ಲ. ತಂದೆಯ ಬೆನ್ನ ಹಿಂದೆ ಕಂಪೆನಿಯ ಬಿಡಾರದಲ್ಲಿ ಬೆಳೆದದ್ದೇ ವಿದ್ಯಾಭ್ಯಾಸವಾಯಿತು. ಚಿತ್ರದಲ್ಲಿ ಮುತ್ತುರಾಜರ ಹೆಸರು ರಾಜಕುಮಾರ್ ಎಂದಾಯಿತು. ಮುಂದಿನದು ನಿಮಗೆಲ್ಲ ತಿಳಿದ ಚರಿತ್ರೆ.

ಶಾಲೆಯಲ್ಲಿ ಹೆಚ್ಚು ಓದದ ಒಬ್ಬರು ಕನ್ನಡದ ಉಚ್ಚಾರಣೆಗೆ ಮಾದರಿಯಾದರೆಂಬುದು ನಮ್ಮಂಥ ಪಂಡಿತ ವರ್ಗದವರು ಯೋಚಿಸಬೇಕಾದ ವಿಷಯ. 1958ರ 'ಭೂಕೈಲಾಸ'ದ ರಾವಣ, 1977ರ 'ಬಭ್ರುವಾಹನ'ದಲ್ಲಿ ತಂದೆ ಮಗ ಇಬ್ಬರೂ ತಾನೇ ಆದ ದ್ವಿಪಾತ್ರ, 1983ರ 'ಭಕ್ತ ಪ್ರಹ್ಲಾದ'ದ ಹಿರಣ್ಯಕಶಿಪು, ಇವುಗಳಲ್ಲಿ ಉದ್ದುದ್ದ ಸಮಾಸಗಳು ಅವರ ಬಾಯಲ್ಲಿ ಹೇಗೆ ಬಿಡಿಬಿಡಿಯಾಗಿ, ಅರ್ಥ ಒಡೆದು ತೋರುವಂತೆ ಹೊರಬರುತ್ತವೆಂಬುದನ್ನು ಗಮನಿಸಿ. ಹತ್ತನೆಯ ತರಗತಿಯ ಹುಡುಗರಿಗೆ ಹಳಗನ್ನಡದ ಪದ್ಯವನ್ನು ಅನ್ವಯಿಸುವಾಗ, ಎಲ್ಲಿ ನಿಲ್ಲಬೇಕು ಎಲ್ಲಿ ಸೇರಿಸಬೇಕು ಎಂದು ಹೇಳಲು ಈ ಚಿತ್ರಗಳ ಮಾತನ್ನು ನಾನು ಎಷ್ಟೋ ಸಲ ಉದಾಹರಣೆಯಾಗಿ ಕೊಟ್ಟಿದ್ದೇನೆ. ಹುಡುಗರಿಗೆ ಅದು ಬೇಗ ಹಿಡಿಸುತ್ತದೆ.

ಒಬ್ಬ ನಾಯಕನಿಂದ ಮಾತ್ರ ಒಂದು ಭಾಷೆಯ ಚಿತ್ರರಂಗ ನಿಲ್ಲುವುದಿಲ್ಲ. ಹರಿಕಥೆಯ ಹಿನ್ನೆಲೆಯಿಂದ ಬಂದ ಪಂಡರಿಬಾಯಿಯವರನ್ನು ನೆನೆಯಿರಿ. 1952ರಲ್ಲಿ ತಮಿಳಿನ 'ಪರಾಶಕ್ತಿ'ಯಲ್ಲಿ ಶಿವಾಜಿ ಗಣೇಶನ್ ಅವರು ಮೊದಲ ಬಾರಿ ನಾಯಕರಾದಾಗ ಜೊತೆಯಲ್ಲಿದ್ದವರು ಇವರು. ಎರಡು ವರ್ಷಗಳ ಅನಂತರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಅವರ ನಾಯಕಿಯೂ ಇವರೇ. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ಅದೇ ನಾಯಕನಿಗೆ ತಾಯಿಯಾದರು. ಒಬ್ಬ ಕಲಾವಿದೆ ತನ್ನ ವಯಸ್ಸನ್ನು ಇಷ್ಟು ಘನತೆಯಿಂದ ತೆರೆಯ ಮೇಲೆ ಒಪ್ಪಿಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ. ಅವರು ದನಿಯೇರಿಸಿ ಅತ್ತದ್ದಕ್ಕಿಂತ ದನಿ ತಗ್ಗಿಸಿ ಆಡಿದ ಮಾತೇ ಹೆಚ್ಚು ನಾಟುತ್ತದೆ.

ನರಸಿಂಹರಾಜು ಅವರೂ ಗುಬ್ಬಿ ಕಂಪೆನಿಯಲ್ಲಿ ಪಳಗಿ 'ಬೇಡರ ಕಣ್ಣಪ್ಪ'ದಿಂದ ಚಿತ್ರರಂಗಕ್ಕೆ ಬಂದವರು. ಆ ಸಣ್ಣ ಮೈಕಟ್ಟು, ಮುಂಚಾಚಿದ ಹಲ್ಲು ನಗೆಗೆ ಕಾರಣವೆಂದು ಹಲವರು ತಿಳಿದಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅವರ ನಗೆಯೆಲ್ಲ ಕಾಲಜ್ಞಾನದಲ್ಲಿತ್ತು. ಎದುರಾಳಿಯ ಮಾತು ಮುಗಿದ ಮೇಲೆ ಎಷ್ಟು ಕ್ಷಣ ಸುಮ್ಮನಿರಬೇಕೆಂಬುದು ಅವರಿಗೆ ತಾಳದಷ್ಟು ನಿಖರವಾಗಿ ಗೊತ್ತಿತ್ತು. ಇನ್ನು ಟಿ. ಎನ್. ಬಾಲಕೃಷ್ಣ ಅವರ ವಿಷಯ ಕೇಳಿದರೆ ಕೈಮುಗಿಯಬೇಕೆನಿಸುತ್ತದೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ನೋಡಿ, ಸರಿಯಾದ ಸಮಯಕ್ಕೆ ತಮ್ಮ ಮಾತನ್ನು ಜೋಡಿಸುತ್ತಿದ್ದರು. ಕೇಳಲಾಗದ ಒಬ್ಬರು, ಕೇಳುವವರಿಗಾಗಿ, ಮಾತನ್ನು ಅಷ್ಟು ಸ್ಪಷ್ಟವಾಗಿ ಆಡಿದರು!

ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಈ ನಾಲ್ವರೂ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕವಾಡಿದರು. ಕನ್ನಡ ಚಿತ್ರಗಳ ಸಂಖ್ಯೆ ಬಹಳ ಕಡಿಮೆಯಿದ್ದ ಕಾಲವದು. ತೆರೆ ಕೈಬಿಟ್ಟಾಗ ರಂಗವೇ ಅವರ ಕೈಹಿಡಿಯಿತು. ಅದೇ ಸಂಘದಿಂದ 1960ರಲ್ಲಿ 'ರಣಧೀರ ಕಂಠೀರವ' ಚಿತ್ರ ಹೊರಬಂದಿತು. ನಟರೇ ನಿರ್ಮಾಪಕರಾಗಿ ನಿಂತು ತಮ್ಮ ಭಾಷೆಯ ಚಿತ್ರವನ್ನು ಉಳಿಸಿಕೊಂಡ ಈ ಪ್ರಸಂಗವನ್ನು ಶಾಲೆಯ ಮಕ್ಕಳಿಗೂ ಹೇಳಬೇಕು.

ರಂಗಭೂಮಿಯಿಂದ ಬಂದದ್ದೆಲ್ಲ ಗುಣವೇ ಎಂದು ನಾನು ವಾದಿಸುವುದಿಲ್ಲ. ಬೇಡವಾದ ಕಡೆ ಹಾಡು, ಪಿಸುಗುಟ್ಟಬೇಕಾದ ಕಡೆ ಆರ್ಭಟ, ಅಲುಗಾಡದ ಕ್ಯಾಮರಾ, ಈ ದೋಷಗಳೂ ಅಲ್ಲಿಂದಲೇ ಬಂದವು. ಆದರೆ ಆ ನಟರು ಕಲಿತದ್ದನ್ನು ಹದಕ್ಕೆ ತಂದುಕೊಳ್ಳುವುದನ್ನೂ ಬಲ್ಲವರಾಗಿದ್ದರು. 1958ರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲಿ ಬಿ. ಆರ್. ಪಂತುಲು ಮತ್ತು ಎಂ. ವಿ. ರಾಜಮ್ಮನವರು, ಬೆಳೆದ ಮಕ್ಕಳು ಬೇರ್ಪಡಿಸಿದ ಮುದಿ ದಂಪತಿಗಳಾಗಿ ಆಡುವ ಮಾತಿನಲ್ಲಿ ಆರ್ಭಟವೆಲ್ಲಿದೆ? 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರು ನಿರ್ದೇಶಿಸಿದ 'ನಾಂದಿ'ಯಲ್ಲಿ ರಾಜಕುಮಾರ್ ಅವರದು ಉಪಾಧ್ಯಾಯನ ಪಾತ್ರ. ಆತನ ಎರಡನೆಯ ಹೆಂಡತಿಗೆ ಕಿವಿ ಕೇಳದು, ಮಾತು ಬಾರದು. ಹತ್ತು ವರ್ಷಗಳ ಹಿಂದೆ ಶಿವಲಿಂಗದ ಮುಂದೆ ಕೂಗಿ ಕರೆದಿದ್ದ ಕಂಠವೇ ಇಲ್ಲಿ ಮಾತು ಮುಟ್ಟದ ಜೀವದೆದುರು ಮೌನವನ್ನು ಕಲಿಯುತ್ತದೆ. ಮಾತನ್ನು ಆಳಬಲ್ಲವನಿಗೇ ಮೌನವೂ ಒಲಿಯುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟೆಲ್ಲ ಹೇಳಿ, ಒಂದು ದುಃಖದ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. 'ಸತಿ ಸುಲೋಚನ'ವನ್ನು ನೋಡೋಣವೆಂದರೆ ಇಂದು ಅದರ ಪ್ರತಿ ಇಲ್ಲ. ಸುಬ್ಬಯ್ಯನಾಯ್ಡು ಅವರ ಇಂದ್ರಜಿತು ಹೇಗೆ ಮಾತಾಡಿದ, ನಾಗೇಂದ್ರರಾಯರ ರಾವಣ ಹೇಗೆ ಗರ್ಜಿಸಿದ ಎಂಬುದು ಅದನ್ನು ಕೇಳಿದ ಕಿವಿಗಳೊಂದಿಗೇ ಹೋಯಿತು. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಹು ಬೇಗ ತುತ್ತಾಗುವಂಥದು. ಬೆಂಕಿ ಬೀಳದಿದ್ದರೂ ತಾನಾಗಿ ಕೊಳೆತು ಪುಡಿಯಾಗುವಂಥದು. ಓಟ ಮುಗಿದ ಚಿತ್ರಗಳ ಫಿಲ್ಮನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸುತ್ತಿದ್ದ ರೂಢಿಯೂ ಇತ್ತು. ಚಿತ್ರಗಳನ್ನು ಕಾಪಾಡುವುದಕ್ಕೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ನಮ್ಮ ಮೊದಲ ಚಿತ್ರಕ್ಕೆ ಆಗಲೇ ಮೂವತ್ತು ವರ್ಷ ಕಳೆದಿತ್ತು. ಪಂಪನಿಗಿಂತ ಹಿಂದಿನ ಎಷ್ಟೋ ಕಾವ್ಯಗಳು ಹೆಸರಾಗಿ ಮಾತ್ರ ಉಳಿದಿವೆಯೆಂದು ನಾವು ಪಾಠದಲ್ಲಿ ಹೇಳುತ್ತೇವೆ. ಅದು ಸಾವಿರ ವರ್ಷಗಳ ಮಾತು. ನಮ್ಮ ಅಜ್ಜಂದಿರು ದುಡ್ಡು ಕೊಟ್ಟು ನೋಡಿದ ಚಿತ್ರವೂ ಅದೇ ಪಟ್ಟಿಗೆ ಸೇರಿತೆಂದರೆ ಏನೆನ್ನೋಣ!

ಕಳೆದುದಕ್ಕೆ ಅಳುವುದಕ್ಕಿಂತ ಉಳಿದುದನ್ನು ಉಳಿಸಿಕೊಳ್ಳುವುದು ಲೇಸು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ರಾಘವಾಂಕನ ಕಾವ್ಯವನ್ನು ಓದದ ಹುಡುಗರೂ ಅದನ್ನು ನೋಡಿದರು. ಬಣ್ಣ ಬೇಕಿತ್ತೋ ಬೇಡವೋ ಎಂಬ ಚರ್ಚೆ ಇರಲಿ. ಒಂದು ಚಿತ್ರ ಮತ್ತೊಂದು ತಲೆಮಾರಿನ ಕಿವಿಗೆ ಬಿದ್ದಿತೆಂಬುದು ಮುಖ್ಯ. ನಿಮ್ಮ ಮನೆಯಲ್ಲಿಯೂ ಹಳೆಯ ಹಾಡಿನ ಪುಸ್ತಕಗಳಿರಬಹುದು, ನಾಟಕದ ಹಸ್ತಪತ್ರಿಕೆಗಳಿರಬಹುದು, ಕಪಾಟಿನ ಮೂಲೆಯಲ್ಲಿ ಗ್ರಾಮಫೋನ್ ತಟ್ಟೆಗಳಿರಬಹುದು. ರದ್ದಿಯವನಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಹಳೆಯ ಚಿತ್ರಗಳನ್ನು ನೋಡಿದ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ, ಬರೆದಿಡಿ; ಈಗ ಧ್ವನಿಯನ್ನು ಹಿಡಿದಿಡುವ ಯಂತ್ರ ಎಲ್ಲರ ಜೇಬಿನಲ್ಲಿಯೂ ಇದೆ.

ಮುಂದಿನ ಸಲ ಹಳೆಯ ಚಿತ್ರವೊಂದು ಎದುರಾದಾಗ ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಕಥೆ ನಿಧಾನವೆಂದು ಅವರು ಗೊಣಗಬಹುದು. ಒಂದು ಸಂಭಾಷಣೆಯನ್ನಾದರೂ ಕಣ್ಣು ಮುಚ್ಚಿ ಕೇಳುವಂತೆ ಹೇಳಿ. ಆಮೇಲೆ ಅದನ್ನೇ ಅವರ ಬಾಯಲ್ಲಿ ಹೇಳಿಸಿ. ನಾಲಿಗೆ ತೊಡರುತ್ತದೆ, ನಗು ಬರುತ್ತದೆ, ಮತ್ತೆ ಹೇಳುತ್ತಾರೆ. ಕಂಪೆನಿಯ ಮೇಷ್ಟರು ತಮ್ಮ ಹುಡುಗರಿಗೆ ಕಲಿಸುತ್ತಿದ್ದುದೂ ಹೀಗೆಯೇ.